ಎಡಗಿವಿಯ ಪಾಲು

ಐನೂರ ತೊಂಬತ್ತೊಂಬತ್ತು ರೂಪಾಯಿ.
ಗ್ಯಾರಂಟಿ ಎಷ್ಟು ದಿನ ಎಂದರೆ
ಇಮ್ತಿಯಾಜ್ ತನ್ನ ಅಂಗಡಿಯ ಹೊಸ್ತಿಲು ತೋರಿಸಿದ:
"ಅದನ್ನು ದಾಟುವ ತನಕ."

ಹುಣಸೆಬೀಜದಂಥ ಎರಡು,
ಮುಚ್ಚಳ ಸಡಿಲಾದ ಒಂದು ಡಬ್ಬಿಯಲ್ಲಿ.
ಕಿವಿಗಿಟ್ಟರೆ ಯಾವುದೋ ದೇಶದ ಹುಡುಗಿ
ಮೂಗಿನಲ್ಲಿ "ಕನೆಕ್ಟೆಡ್" ಅನ್ನುತ್ತಾಳೆ.
ನಮ್ಮ ಮನೆಯಲ್ಲಿ ಯಾರೂ ನನಗೆ
ಇಷ್ಟು ಖಚಿತವಾಗಿ ಏನನ್ನೂ ಹೇಳಿದ್ದಿಲ್ಲ.

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಇಪ್ಪತ್ತೆರಡು ವರ್ಷ
ಕಂಪ್ರೆಸರಿನ ಪಕ್ಕ ಕೂತು
ಬರ್ಫದ ಗಡ್ಡೆಗಳ ಲೆಕ್ಕ ಬರೆದವನು ನಾನು.
ಎಡಗಿವಿ ಅರ್ಧ ಅಲ್ಲೇ ಕರಗಿದೆ.
ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದರು ಡಾಕ್ಟರು.
ಕಾಪಾಡುವುದು ಅಂದರೆ? ಕಿವಿಯನ್ನೇನು
ಉಪ್ಪು ಹಾಕಿ ಭರಣಿಯಲ್ಲಿಡಲಿಕ್ಕಾಗುತ್ತದೆಯೇ?
ಇರುವಷ್ಟರಲ್ಲಿ ಕೇಳಿಬಿಡೋಣ ಎಂದು
ಕೊಂಡೆ.

ರಾತ್ರಿಪಾಳಿ ಮುಗಿಸಿ ಐದೂವರೆಗೆ ಹೊರಟರೆ
ಮೀನಿನ ಗಾಡಿಗಳು ಸುರಿಸಿಹೋದ ನೀರಿನ ಗೆರೆ
ಪೇಟೆಯವರೆಗೂ ದಾರಿ ತೋರಿಸುತ್ತದೆ.
ಎಡಕ್ಕೆ ಕಡಲು, ಬಲಕ್ಕೆ ಹೆದ್ದಾರಿ,
ಕೋಡಿಬಾಗ ಇನ್ನೂ ದೂರ.
ಗಾಳಿ ಎದುರಾದರೆ ಹಾಡು ಕೇಳುವುದಿಲ್ಲ,
ಪ್ಲಾಸ್ಟಿಕ್ ಹಾಳೆ ಹರಿದಂತೆ ಭರ್ರೆನ್ನುತ್ತದೆ.
ಹಂಪು ಬಂದಾಗ ಹಲ್ಲು ಕಚ್ಚಬೇಕು,
ದವಡೆ ಬಿಗಿಯಾದರೆ ಅವು ಬೀಳುವುದಿಲ್ಲ.
ಇದು ಡಬ್ಬಿಯ ಮೇಲೆ ಬರೆದಿಲ್ಲ,
ನಾನೇ ಕಂಡುಕೊಂಡದ್ದು.

ಆವತ್ತು ಹಲ್ಲು ಕಚ್ಚಲಿಲ್ಲ.
ಕ್ಯಾಸೆಟ್ ಕಾಲದ ಹಾಡು, ಅವಳ ದನಿ
ಇನ್ನೇನು ಮೇಲಕ್ಕೆ ಹೋಗಬೇಕು,
ಹಿಂದಿನಿಂದ ಗ್ಯಾಸ್ ಟ್ಯಾಂಕರು.
ಹಾರ್ನ್ ಹೊಡೆದಿರಬೇಕು, ಪಾಪ.
ನನಗೆ ತಟ್ಟಿದ್ದು ಅದರ ಗಾಳಿ ಮಾತ್ರ,
ಹಿರಿಯರೊಬ್ಬರು ಬೆನ್ನಿಗೆ ಬಾರಿಸಿದ ಹಾಗೆ.

ಸೈಕಲ್ಲು ತಡೆಗೋಡೆಯ ಕಲ್ಲಿಗೆ ಹೋಗಿ ಒರಗಿತು.
ಮೊಣಕೈ ತರಚಿತ್ತು. ಉಸಿರಿತ್ತು.
ಬಲಗಿವಿಯಲ್ಲಿ ಏನೂ ಇರಲಿಲ್ಲ,
ಅಂದರೆ ಕಡಲಿತ್ತು.

ಸಂದಿಗೆ ಕೈ ಹಾಕಿದರೆ ಏಡಿ,
ಬಾಟಲಿಯ ಚೂರು, ಯಾರದೋ ಪೂಜೆಯ ತೆಂಗಿನ ಚಿಪ್ಪು.
ಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದ ಚಂದ್ರಭಾಗಾ ವೈನಿ
"ಎಂತ ಬಿತ್ತು?" ಅಂದಳು.
ಹೇಳಲಿಕ್ಕೆ ನಾಚಿಕೆಯಾಗಿ, "ಹಾಡು" ಅಂದೆ.

ಅವಳು ನಗಲಿಲ್ಲ. ಬುಟ್ಟಿ ಇಳಿಸಿದಳು,
ಎರಡು ಬಂಡೆಗಳ ನಡುವೆ ತಲೆ ತಗ್ಗಿಸಿದಳು,
ಕಡಲು ಒಂದು ಉಸಿರು ಹಿಂದೆ ಹೋದಾಗ
ಕೈ ಎತ್ತಿದಳು: ಸುಮ್ಮನಿರು.

ಕೆಳಗೆಲ್ಲೋ, ಬೆರಳು ನಿಲುಕದಲ್ಲಿ,
ಅದು ಹಾಡುತ್ತಲೇ ಇತ್ತು.
ಹತ್ತು ಹೆಜ್ಜೆ ದೂರ ಹೋದರೆ
ನನ್ನ ಕಿಸೆಯ ಫೋನು ಅದನ್ನು ಬಿಟ್ಟುಬಿಡುತ್ತದೆ,
ಹಾಗಾಗಿ ನಾನು ಅಲುಗಾಡದೆ ನಿಂತೆ.
ಬಾಂಗಡೆಗಳು ಬುಟ್ಟಿಯಲ್ಲಿ ಬಾಯಿ ತೆರೆದುಕೊಂಡಿದ್ದವು,
ಬೆಳಕು ಹರಿಯುತ್ತಿತ್ತು, ದೇವಗಡದ ದೀಪ ಆರಿತು.
ಮುಗಿಯುವ ತನಕ ಅವಳು ಏಳಲಿಲ್ಲ.
ಆಮೇಲೆ ಭರತದ ನೀರು ಬಂತು.

ಈಗ ಒಂದೇ ಇದೆ.
ಖಾಲಿಯಾದ ಗುಳಿಯಲ್ಲಿ ಟ್ಯೂಬಿನ ವಾಲ್ವ್ ಕ್ಯಾಪ್ ಇಟ್ಟಿದ್ದೇನೆ,
ಸರಿಯಾಗಿ ಕೂರುತ್ತದೆ.
ಒಳ್ಳೆ ಕಿವಿ ಲಾರಿಗಳಿಗೆ, ಕೆಟ್ಟ ಕಿವಿ ಹಾಡಿಗೆ.
ಹಂಚಿಕೆ ತಪ್ಪೇನಲ್ಲ.
ಎಡದ ಪಾಲಿಗೆ ಬಂದದ್ದು ಢೋಲಕ್ಕು,
ಅದರ ಹಿಂದೆ ಇನ್ನೊಂದು ಪಿಟೀಲು,
ಮೂವತ್ತು ವರ್ಷ ಕೇಳಿಯೂ ನಾನು ಕೇಳಿರದ ಪಿಟೀಲು,
ಯಾರೋ ಬಡಪಾಯಿ ಮೂಲೆಯಲ್ಲಿ ಕೂತು
ದಿನಗೂಲಿಗೆ ನುಡಿಸಿದ್ದು.

ಹದಿನೈದು ದಿನ ಬಿಟ್ಟು ವೈನಿ ಚಹಾದಂಗಡಿಯಲ್ಲಿ ಸಿಕ್ಕಳು.
"ಆ ಹಾಡು ಉಂಟಾ ಇನ್ನೂ?"
ಅಂಗಿಯ ತುದಿಯಿಂದ ಒರೆಸಿ ಕೊಟ್ಟೆ.
ಹೆರಳಿನ ಅಬ್ಬಲಿಗೆ ಸರಿಸಿ ಇಟ್ಟುಕೊಂಡಳು,
ಕಣ್ಣು ಮುಚ್ಚಿದಳು,
ಚಹಾ ಕೆನೆಗಟ್ಟುವಷ್ಟು ಹೊತ್ತು ಕೇಳಿ
ತಲೆ ಅಲ್ಲಾಡಿಸಿದಳು.

"ಇದಲ್ಲ ಮಾರಾಯ.
ಇದರಲ್ಲಿ ಬರೀ ಬಾರಿಸುವವರು ಇದ್ದಾರೆ.
ಆ ಹೆಂಗಸು ಇಲ್ಲ."

ಅದೇ ಹಾಡು, ಅಂದೆ.

ತೆಗೆದು ನನ್ನ ಅಂಗೈಯಲ್ಲಿಟ್ಟಳು,
ಚಿಲ್ಲರೆ ಕಡಿಮೆ ಕೊಟ್ಟ ಗಿರಾಕಿಯನ್ನು
ನೋಡುವ ಹಾಗೆ ನೋಡುತ್ತ.