ಮುಚ್ಚುವ ಕಡೆಗೆ

ಜಲನಗರದ ವಾಲ್ವ್‌ಮನ್ ಲಾಲಸಾಬ ನದಾಫ
ಮೊದಲು ನನ್ನ ಲ್ಯಾಬಿಗೆ ಬಂದದ್ದು ಮೇಣದ ತುಂಡಾಗಿ.
ಎಡ ಮೂತ್ರಪಿಂಡ, ಗಡ್ಡೆ ಏಳು ಸೆಂಟಿಮೀಟರು,
ಚೀಟಿಯಲ್ಲಿ ಹೆಸರಿನ ಒಂದಕ್ಷರ ತಪ್ಪು.

ನಾಲ್ಕು ಮೈಕ್ರಾನು ತೆಳ್ಳಗೆ ಕೊಯ್ದೆ,
ಬೆಚ್ಚನೆ ನೀರಲ್ಲಿ ತೇಲಿಬಿಟ್ಟು ಗಾಜಿಗೆ ಹಿಡಿದೆ,
ನೀಲಿ ಹಚ್ಚಿದೆ, ಗುಲಾಬಿ ಹಚ್ಚಿದೆ.
ಆದರೂ ಕೋಶಗಳು ತೊಳೆದು ಬೋರಲಿಟ್ಟ ಗಡಿಗೆಗಳ ಹಾಗೆ ಬಿಳಿ.
ಬರಿದಾಗಿರಲಿಲ್ಲ ಅವು. ಕೊಬ್ಬಿತ್ತು, ಸಕ್ಕರೆಯಿತ್ತು;
ತೊಳೆದದ್ದು ನನ್ನದೇ ಸ್ಪಿರಿಟ್ಟು, ನನ್ನದೇ ಝೈಲೀನು.
ಉಳಿದದ್ದು ನಡುವೆ ನೆತ್ತರಿನ ಸಣ್ಣ ಸಣ್ಣ ಕಾಲುವೆ,
ಓಣಿಗೊಂದು, ಮನೆಗೊಂದು,
ಯಾರೂ ಅರ್ಜಿ ಹಾಕದ್ದು.

ಹದಿನೈದು ದಿನಕ್ಕೆ ಅವನೇ ಬಂದ, ಹೊಲಿಗೆ ಬಿಚ್ಚಿಸಿಕೊಂಡು.
"ಬೀಡಿ ಮುಟ್ಟಿದವ ಅಲ್ಲರಿ ಅಕ್ಕಾರ. ಒಳಗ ಏನ್ ತಪ್ಪಾತು?"
ಡಾಕ್ಟರು ಹೇಳಬೇಕಾದ್ದು, ನಾನು ಹೇಳಬಾರದು.
ಹೇಳಿದೆ.

ನದಾಫ್ರ, ಕೋಶಕೋಶದಾಗೂ ನಿಮ್ಮಂಥವ ಒಬ್ಬ ಇರ್ತಾನ,
ಹೆಸರು ವಿ.ಎಚ್.ಎಲ್.
ಅಲ್ಲೇ ಒಬ್ಬ ಡಂಗುರದವನೂ ಹುಟ್ಟತಿರ್ತಾನ, ಕ್ಷಣಕ್ಷಣಕ್ಕೂ,
'ಉಸಿರಿಲ್ಲ, ಕಾಲುವೆ ತೋಡ್ರಿ' ಅಂತ ಒದರಾಕ.
ಉಸಿರು ಸಾಕಷ್ಟಿದ್ದರ ಅವನ ಮೈಮ್ಯಾಲೆ ಗುರುತು ಬೀಳತೈತಿ.
ನಿಮ್ಮಂಥವ ಆ ಗುರುತು ಓದಿ, ರಟ್ಟಿ ಹಿಡಿದು
ಗಿರಣಿಗೆ ಕಳಸ್ತಾನ, ಬಾಯಿ ತೆರೆಯೂ ಮೊದಲ.
ಅಷ್ಟ ಕೆಲಸ. ಪಗಾರಿಲ್ಲ, ಸೂಟಿ ಇಲ್ಲ.

ಅವನ್ನ ಮಾಡೂ ಬರಹ ಎರಡು ಪ್ರತಿ,
ಅಪ್ಪಂದೊಂದು, ಅವ್ವಂದೊಂದು.
ಒಂದು ಹರಿದರೂ ನಡೀತೈತಿ, ಯಾರಿಗೂ ಗೊತ್ತಾಗಂಗಿಲ್ಲ.
ಎರಡನೇದೂ ಹರೀತು, ನಿಮ್ಮ ಒಂದು ಕೋಶದಾಗ.
ಒಂದರಾಗ ಅಷ್ಟ.

ಬಹಳ ಹೊತ್ತು ಸುಮ್ಮನಿದ್ದ.
"ಹಂಗಾರ ನೀರು ಇತ್ತು," ಅಂದ.
ಇತ್ತು.
"ಇದ್ರೂ ಇಲ್ಲ ಅಂತ ಪೈಪು ಎಳದ್ರು."
ಹೌದು.
"ಜೋರಾಪುರ ಪೇಟಿಯಾಗ ಒಮ್ಮೆ ಯಾವನೋ ಸುದ್ದಿ ಹಬ್ಬಿಸಿದ್ದ,
ಕೊಲ್ಹಾರದಾಗ ಪಂಪು ಸುಟ್ಟೈತಿ ಅಂತ, ಬರೇ ಸುಳ್ಳು.
ಒಂದ ತಾಸಿಗೆ ಬಕೀಟು, ಹಂಡೆ, ಕೂಸಿನ ತೊಟ್ಟಿ ಸೈತ ತುಂಬಿದ್ವು.
ಟಾಕಿ ಬರಿದಾತು, ಖರೇನ."
ನಗಲು ಹೋಗಿ ಪಕ್ಕೆ ಹಿಡಿದುಕೊಂಡ.

ನೋಡಬೇಕೆಂದ. ಕೂರಿಸಿದೆ.
ಒಂದು ಕಣ್ಣು ಮುಚ್ಚಿ ಬಗ್ಗಿದ,
ರಸ್ತೆಯ ವಾಲ್ವ್ ಗುಂಡಿಯೊಳಗೆ ಇಣುಕುವವನಂತೆ.
"ಎಲ್ಲಿ ಅದಾನರಿ ಅವ?"
ಇಲ್ಲದವ ಕಾಣಂಗಿಲ್ಲ, ನದಾಫ್ರ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು, ಯಾವುದೋ ವಾರ್ಡಿಗೆ ನೀರಿಲ್ಲ.
ಅವನು ತೆಗೆಯಲಿಲ್ಲ.
ಫೋಕಸ್ಸಿನ ತಿರುಪು ಕೈಗೆ ಸಿಕ್ಕಿತ್ತು.
ಬಲಕ್ಕೆ ತಿರುವಿದ, ಮುಚ್ಚುವ ಕಡೆಗೆ.
ಚಿತ್ರ ಮಸುಕಾಯಿತು.
ಇನ್ನೂ ತಿರುವಿದ.