ಟಿಕೆಟ್ಟಿನ ಬೆನ್ನು

ಮಂಗಳವಾರ ನನ್ನ ಕೈಗೊಂದು ಪಿಸ್ತೂಲು.
ಹಳದಿ ಬಣ್ಣದ್ದು, ಪ್ಲಾಸ್ಟಿಕ್ಕಿನದು. ಟಕ್ ಎಂದರೆ
ಎರಡು ಪೌಂಡು. ಟಕ್, ಐವತ್ತು ಪೆನ್ನಿ.
ಡಾರ್ಲಿಂಗ್ಟನ್ನಿನ ಈ ದತ್ತಿ ಅಂಗಡಿಯ ಹಿಂಗೋಣೆಯಲ್ಲಿ
ಸತ್ತವರ ಮನೆ ಖಾಲಿಮಾಡಿ ತಂದ ಚೀಲಗಳ ನಡುವೆ
ಕೂತಿದ್ದೇನೆ ನಾನು, ಗಿರಿಜಾಂಬ,
ಇವರ ಬಾಯಲ್ಲಿ ಬರೀ ಗಿರಿ,
ಯಾವುದಕ್ಕೆ ಎಷ್ಟು ಎಂದು ತೀರ್ಮಾನಿಸುತ್ತ.

ಮೊರೀನ್ ಹೇಳಿಕೊಟ್ಟದ್ದು ಇಷ್ಟೇ:
ಕಪ್ಪು ಬಸಿ ಜೊತೆಗಿದ್ದರೆ ಒಂದೂವರೆ,
ಒಂಟಿ ಬಸಿಗೆ ಇಪ್ಪತ್ತು ಪೆನ್ನಿ,
ಮದುವೆಯ ಫೋಟೋ ಬಂದರೆ ಫೋಟೋ ಕಿತ್ತು
ಚೌಕಟ್ಟಿಗೆ ಮಾತ್ರ ಹಚ್ಚು.
ಕಿತ್ತ ಫೋಟೋ? ಎಂದೆ.
ನೀಲಿ ಕಸದ ಡಬ್ಬಿಯತ್ತ ಗದ್ದ ತೋರಿಸಿದಳು.

ನನ್ನದೂ ಒಂದಿಷ್ಟು ಶಾಸ್ತ್ರವಿತ್ತು, ಊರಿಂದ ತಂದದ್ದು.
ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲ.
ಚೌಕಾಸಿ ಮಾಡುವವನಿಗೆ ಅದು ಬೇಕೇ ಬೇಕು, ನೀನು ಸೋಲಬೇಡ.
ಹೊತ್ತು ಮುಳುಗಿದ ಮೇಲೆ ಯಾರಿಗೂ ಕಾಸು ಕೊಡಬೇಡ.
(ಇಲ್ಲಿ ಡಿಸೆಂಬರಿನಲ್ಲಿ ಮೂರೂ ಮುಕ್ಕಾಲಿಗೇ ಹೊತ್ತು ಮುಳುಗುತ್ತದೆ.
ಬಾಡಿಗೆ, ಗ್ಯಾಸು, ಹಾಲಿನವನು,
ಶಾಸ್ತ್ರ ಮುರಿದೇ ಕೊಟ್ಟೆ ಮೂವತ್ತೊಂದು ವರ್ಷ.)

ಹೋದ ವಾರ ಒಬ್ಬ ಬಂದ, ಮಂಡಿ ನೋವಿನವನು.
ಹಸಿರು ಕೋಟೊಂದರ ತೋಳು ಹಿಡಿದು ನಿಂತ
ಬಹಳ ಹೊತ್ತು, ನಾಡಿ ನೋಡುವವನ ಹಾಗೆ.
"ನನ್ನ ಹೆಂಡತಿಯದು. ಮಗಳು ಅವಸರದಲ್ಲಿ"
ಎಂದವನು ಅಲ್ಲಿಗೇ ನಿಲ್ಲಿಸಿದ.
ಚೀಟಿ ನೋಡಿದ. ಆರು ಪೌಂಡು.
ಜೇಬಿನಲ್ಲಿದ್ದದ್ದು ನಾಲ್ಕು, ಮೇಲೊಂದಿಷ್ಟು ತಾಮ್ರ.

ಕೊಡಬಹುದಿತ್ತು. ಮೊರೀನ್ ಊಟಕ್ಕೆ ಹೋಗಿದ್ದಳು.
ಕ್ಯಾಮೆರಾ ಕೆಟ್ಟು ಆರು ತಿಂಗಳಾಗಿತ್ತು.
ಆದರೂ ನಾನಂದೆ, ವೀಸಾ ಕಚೇರಿಯ ಗಾಜಿನ ಆಚೆಯಿಂದ
ಒಮ್ಮೆ ನನಗೇ ಯಾರೋ ಅಂದ ಮಾತು,
ಅದೇ ಮೆದು ದನಿಯಲ್ಲಿ:
"ಕ್ಷಮಿಸಿ, ನಿಯಮ ಎಲ್ಲರಿಗೂ ಒಂದೇ."
ಅನ್ನುವಾಗ, ಸುಳ್ಳೇಕೆ, ಬೆನ್ನು ನೆಟ್ಟಗಾಯಿತು.
ಸಂಬಳವಿಲ್ಲದ ಈ ಕೆಲಸದಲ್ಲಿ
ಅದು ನನ್ನ ಮೊದಲ ಸಂಬಳ.

ಅಪ್ಪ ಬಸ್ ಕಂಡಕ್ಟರು, ಚಿಂತಾಮಣಿ ಕೋಲಾರ ಮಾರ್ಗ.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬರೆಯುತ್ತಿದ್ದ,
ಇಳಿಯುವಾಗ ಇಸ್ಕೊಳ್ಳಿ ಎಂದು. ಕೆಲವರು ಇಸ್ಕೊಂಡರು.
ಮಿಕ್ಕವರ ನಾಲ್ಕಾಣೆ ಎಂಟಾಣೆ
ರಾತ್ರಿ ನಮ್ಮನೆಯ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿತ್ತು.
ಆ ಡಬ್ಬಿಯಿಂದ ನನ್ನ ಕಂಪಾಸು ಪೆಟ್ಟಿಗೆ,
ಆ ಡಬ್ಬಿಯಿಂದಲೇ ಕಾಲೇಜಿನ ಬಿಳಿ ಕೋಟು.
ಕೇಳಿದವರಿಗೆ ಅಪ್ಪ ಇಲ್ಲವೆಂದದ್ದಿಲ್ಲ,
ಊರೇ ಹೇಳುತ್ತಿತ್ತು, ನಾನೂ ಹೇಳಿಕೊಂಡು ಬಂದೆ.
ಕೇಳಲು ನಾಚಿದವರ ಮಾತು
ಯಾರೂ ಎತ್ತಲಿಲ್ಲ.
ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು,
ಹಿಂದಿನಿಂದ ನೂಕುವ ಜನ,
ಅದರ ನಡುವೆ ಎಂಟಾಣೆಗೆಂದು
ಕಂಡಕ್ಟರನ ಮುಖ ನೋಡುತ್ತ ನಿಲ್ಲುವುದು
ಎಷ್ಟು ದುಬಾರಿ, ಅಪ್ಪನಿಗೆ ಗೊತ್ತಿರಲಿಲ್ಲವೆ?
ಗೊತ್ತಿತ್ತು. ನನಗೆ ಗೊತ್ತಿದ್ದ ಹಾಗೆಯೇ.

ದುಡ್ಡೇ ದೊಡ್ಡಪ್ಪ ಅನ್ನುತ್ತಾರೆ.
ನಮ್ಮನೆಯಲ್ಲಿ ಚಿಲ್ಲರೆ ದೊಡ್ಡಪ್ಪ:
ಕೊಡಬೇಕಾದವನ ಚೀಲದಲ್ಲೇ ಇನ್ನೂ
ಬೆಚ್ಚಗೆ ಕೂತ ಎಂಟಾಣೆ.

ಇವತ್ತು ಬಂದು ನೋಡಿದರೆ ಕೊಕ್ಕೆ ಖಾಲಿ.
"ಹಸಿರು ಕೋಟೇ? ಶನಿವಾರ ಅರ್ಧ ಬೆಲೆಗಿಟ್ಟೆ," ಮೊರೀನ್ ಅಂದಳು,
"ನಾಟಕಕ್ಕೆಂದು ಹುಡುಗಿಯೊಬ್ಬಳು ಒಯ್ದಳು, ಮೂರಕ್ಕೆ."
ಮೂರು. ಅವನ ಅಂಗೈಯಲ್ಲಿ ನಾಲ್ಕಿತ್ತು.

ಪಿಸ್ತೂಲಿನಿಂದ ಖಾಲಿ ಚೀಟಿಯೊಂದನ್ನು ಎಳೆದು
ಬೆನ್ನಿಗೆ ಬರೆಯಹೋದೆ: ಹಸಿರು ಕೋಟು, ಬಾಕಿ.
ಅಂಟಿನ ಮೇಲೆ ಶಾಯಿ ಹಿಡಿಯಲಿಲ್ಲ.
ಆಮೇಲೆ ಹದಿನೇಳು ಪುಸ್ತಕ, ಒಂದು ಟೋಸ್ಟರು,
ಯಾರದೋ ಗಾಲ್ಫ್ ಕೋಲು, ಟಕ್, ಟಕ್.
ಮನೆಗೆ ಹೊರಟ ಬಸ್ಸಿನಲ್ಲಿ ಕಾರ್ಡು ಒತ್ತುವಾಗ ಕಂಡೆ,
ಹೆಬ್ಬೆರಳಿಗೆ ಅಂಟಿಕೊಂಡೇ ಇದೆ
ಬೆಲೆಯಿಲ್ಲದ ಚೀಟಿ.