ಅಂಗೈಯಗಲ ತುಕ್ಕು

ಶುಕ್ರವಾರಕ್ಕೆ ಬೇಕಂತೆ ಅವರಿಗೆ ಇಡೀ ಗುಡ್ಡ:
ನಲವತ್ತು ಮನೆ, ಎಲ್ಲಕ್ಕೂ ಸುಕ್ಕುತಗಡಿನ ಮೈ,
ಕೆಳಗೆ ಬಂದರು, ಮುಂದೆ ಓಡುವ ಹುಡುಗಿ.
ಹುಡುಗಿಯನ್ನು ಬೇರೆ ಯಾರೋ ಓಡಿಸುತ್ತಾರೆ,
ನನ್ನದು ಹಿನ್ನೆಲೆ. ತೆರೆಯ ಮೇಲೆ ಮೂರು ಸೆಕೆಂಡು.

ವಾಲ್ಪರೈಸೊದಲ್ಲಿ ತಗಡಿಗೆ ಬರವೇ?
ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಗೋಡೆ:
ಮೇಲೆ ಹಳದಿ, ಅದರಡಿ ಹಸಿರು, ಅದಕ್ಕೂ ಅಡಿಯಲ್ಲಿ
ಕಡಲು ನೆಕ್ಕಿ ನೆಕ್ಕಿ ಎಬ್ಬಿಸಿದ ಕೆಂಪು.
ಫೋನು ಹಿಡಿದು ಅಂಗೈಯಗಲ ತೆಗೆದುಕೊಂಡೆ.
ಒಂದು ಮೊಳೆ. ಮೊಳೆಯಿಂದಿಳಿದ ಕಂದು ಗೆರೆ.
ಮೂಲೆಯಲ್ಲಿ ಯಾರೋ ಗೀರಿದ ಏನೋ, ಅರ್ಧ.

ಅನ್ನ ಬೆಂದಿತೋ ನೋಡಲು ಅಗುಳೊಂದು ಸಾಕು ನಮಗೆ.
ಈ ಫಿಲ್ಟರಿನ ಹಸಿವೇ ಬೇರೆ,
ಅಗುಳು ಕೊಟ್ಟರೆ ಹಂಡೆ ತುಂಬ ಬೇಯಿಸಿಡುತ್ತದೆ.

ಕಸುಬೇನೋ ಸರಳ. ಖಾಲಿ ಕೂತ ಚುಕ್ಕೆಯೊಂದು
ಅಕ್ಕಪಕ್ಕದವರ ಮೈ ತಡವಿ ಕೇಳುತ್ತದೆ:
ನಿಮ್ಮಂಥವರ ನಡುವೆ, ಅಲ್ಲಿ, ಆ ಅಂಗೈಯಲ್ಲಿ,
ಎಂಥವನು ಕೂತಿದ್ದ?
ಸುಳಿವು ಸಿಕ್ಕರೆ ಅದೇ ಬಣ್ಣ ಉಟ್ಟು ಕೂರುತ್ತದೆ,
ಮುಂದಿನ ಚುಕ್ಕೆಗೆ ತಾನೇ ನೆರೆಯವನಾಗುತ್ತದೆ.
ಈ ಗುಡ್ಡದ ಮನೆಗಳೂ ಬಂದದ್ದು ಹೀಗೇ,
ನಕ್ಷೆಯಿಲ್ಲದೆ, ಒಂದರ ಗೋಡೆಗೆ ಇನ್ನೊಂದು ಬೆನ್ನು ಕೊಟ್ಟು.

ಒತ್ತಿದೆ. ಫ್ಯಾನು ಏದುಸಿರು ಬಿಟ್ಟಿತು.
ಚಹಾ ಕುದಿಯುವುದರೊಳಗೆ ಗುಡ್ಡಕ್ಕೆಲ್ಲ ತುಕ್ಕು.
ಹೊಲಿಗೆ ಕಾಣದು, ತೇಪೆ ಕಾಣದು,
ನಲವತ್ತು ವರ್ಷದ ಉಪ್ಪುಗಾಳಿ ನಾಲ್ಕೇ ನಿಮಿಷಕ್ಕೆ!

ಬೀಗಿ ಕೂತಿದ್ದೆ. ಬ್ರೆಡ್ಡಿನ ಪೊಟ್ಟಣ ಹಿಡಿದು
ದೊನ್ ಎವಾರಿಸ್ತೋ ಬಂದರು. ಪಕ್ಕದ ಗೋಡೆ ಅವರದೇ.
ಆಯುಷ್ಯವೆಲ್ಲ ತಗಡು ಬಡಿದವರು,
ಎಡ ಹೆಬ್ಬೆರಳಿಗೆ ಉಗುರಿಲ್ಲ.
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ
ನೋಡಿದರು. ನೋಡಿದರು.
"ಈ ಮೊಳೆ ಹೊಡೆದವನು ಯಾರು?"
ನಕ್ಕೆ. ಅವರು ನಗಲಿಲ್ಲ.
"ಮೊಳೆ ಅಂದಮೇಲೆ ಹಿಂದೆ ಮರ ಇರಬೇಕು, ನೆರೇಯ್ದಾ.
ಇಕೋ ಇದು, ಇದು, ಇದೂ, ಗಾಳಿಗೆ ಹೊಡೆದದ್ದು.
ಮೊದಲ ಬಿರುಗಾಳಿಗೇ ನಿನ್ನ ಗುಡ್ಡ ಹಾರಿಹೋದೀತು."

ಅವರು ಬ್ರೆಡ್ಡು ಮುರಿಯುವಾಗ ಎಣಿಸಿದೆ:
ನೂರಾ ಹನ್ನೆರಡು ಮೊಳೆ. ಎಲ್ಲ ಅದೊಂದೇ ಮೊಳೆ.
ಒಂದಂತೂ ಕಿಟಕಿಯ ಗಾಜಿಗೇ ಬಂದು ಕೂತಿದೆ.
ಮೂಲೆಯ ಗೀರು ಮೊಳೆಗಿಂತ ಚುರುಕು:
ಒಡೆದು, ಕೂಡಿ, ಕೊಂಬು ಬೆಳೆಸಿ, ಬಾಲ ಬೆಳೆಸಿ
ಗೋಡೆಯಿಂದ ಗೋಡೆಗೆ ಬರೆಯುತ್ತ ಹೋಗಿದೆ
ಯಾರೂ ಕಲಿಯದ ಯಾವುದೋ ಲಿಪಿಯಲ್ಲಿ
ಯಾರಿಗೂ ಅಲ್ಲದ ಕಾಗದ.

ಗೀರಿದ್ದು ಯಾರೆಂದು ಕೇಳಿದೆ.
"ನಾನೇ. ಮೊಳೆಯ ಮೊನೆಯಲ್ಲಿ. ಅಳತೆ ಅದು,
ಒಂದು ಮೀಟರು ಎಂಬತ್ತನಾಲ್ಕು.
ಕತ್ತರಿಸಿದ್ದು ಎಂಬತ್ತೆರಡಕ್ಕೆ.
ಮದುವೆಯಾಗಿ ಒಂಬತ್ತನೇ ದಿನ, ಕೈ ನಿಲ್ಲುತ್ತಿತ್ತೇ?
ಎರಡು ಸೆಂಟಿಮೀಟರು ಸಂದಿ ಇವತ್ತಿಗೂ ಇದೆ.
ಆಗಸ್ಟಿನ ಚಳಿಯೆಲ್ಲ ಅಲ್ಲಿಂದಲೇ ಒಳಗೆ."

ಅವರು ಹೋದ ಮೇಲೆ ಹೊಸ ಲೇಯರು ತೆರೆದೆ.
ಮೊದಲು ಮರ. ಒಂದೊಂದು ಮನೆಗೂ ಅಡ್ಡಪಟ್ಟಿ, ನಿಲುಗಂಬ.
ಪಟ್ಟಿಯ ಜಾಡು ಹಿಡಿದು ಮೊಳೆ, ಕೈಯಲ್ಲೇ,
ಒಂದು ಸೊಟ್ಟ, ಒಂದರ ತಲೆ ಹಾರಿದೆ.
ಆಮೇಲೆ ಮರದ ಲೇಯರಿನ ಕಣ್ಣು ಮುಚ್ಚಿಸಿದೆ.
ಫಿಲ್ಟರನ್ನು ಬಿಟ್ಟೆನೆಂದಲ್ಲ. ಶುಕ್ರವಾರ ಶುಕ್ರವಾರವೇ.
ಮೊಳೆ ಮೊಳೆಗಳ ನಡುವಿನ ಬಯಲು ಅದಕ್ಕೆ,
ಮೇಯಲಿ.

ಲಿಪಿಯನ್ನೆಲ್ಲ ಅಳಿಸಿದೆ, ಒಂದು ಮನೆಯದು ಬಿಟ್ಟು.
ಅಲ್ಲಿ ತಿದ್ದಿ ಬರೆದೆ: ೧.೮೪ ಅಲ್ಲ, ಅವರ ಕೈಯ
ಕೊಕ್ಕೆಯಂಥ ಒಂದು, ಹೊಟ್ಟೆ ಸೀಳಿದ ಎಂಟು, ತೆರೆದ ನಾಲ್ಕು.
ತಗಡನ್ನು ಎರಡು ಸೆಂಟಿಮೀಟರು ಗಿಡ್ಡ ಮಾಡಿದೆ.

ಮೂರು ಸೆಕೆಂಡಿನಲ್ಲಿ ಯಾರಿಗೂ ಕಾಣದು.
ಆದರೂ ಹುಡುಗಿಯನ್ನು ಓಡಿಸುವವನಿಗೆ
ಚೀಟಿ ಕಳಿಸಿದ್ದೇನೆ: ಏಳನೇ ಮನೆ ದಾಟುವಾಗ
ಅವಳ ಕೂದಲು ಒಮ್ಮೆ ಹಾರಲಿ,
ಅಲ್ಲೊಂದು ಸಂದಿ ಇದೆ.